ನೀರಿನಲ್ಲಿ ನಿಂತ ಜಾಲಿ

ನಮ್ಮ ಕಡೆಯವರು ಸಿಕ್ಕರೆ ಮಲೆನಾಡಿನ ನೆಂಟರು ಮೊದಲು ಕೇಳುವ ಪ್ರಶ್ನೆ ಒಂದೇ: "ಈ ಸಲವಾದರೂ ಮಳೆ ಆಯಿತಾ?" ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ಬೆದ್ದಲು ಸೀಮೆ. ಒಂದು ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ ನಿಜ. ಆದರೆ ಹೊಳೆ ಬಿಟ್ಟು ಸ್ವಲ್ಪ ಈಚೆ ಬಂದರೆ ಜೋಳ, ಸಜ್ಜೆ, ಶೇಂಗಾ ಹೊಲಗಳು, ಕಲ್ಲುಗುಡ್ಡಗಳು, ಮುಳ್ಳುಗಿಡಗಳು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕಕ್ಕೆ ಅಷ್ಟೊಂದು ಜನ ಸೇರುವುದು ಯಾಕೆ? ಮುಂದಿನ ಮಳೆ ಬೆಳೆಯ ಸುಳಿವು ಸಿಗಲಿ ಎಂದು.

ಇಂಥ ಸೀಮೆಯಲ್ಲಿ ಒಂದು ಹಳ್ಳಿಯ ಹೆಸರು ಅಂಕಸಮುದ್ರ! ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಊರು. ಸಮುದ್ರ ಎಂದರೆ ಉಪ್ಪು ನೀರಿನದಲ್ಲ, ಕೆರೆ. ಹಿಂದಿನವರು ದೊಡ್ಡ ಕೆರೆ ಕಟ್ಟಿಸಿದರೆ ಅದನ್ನು ಸಮುದ್ರ ಎಂದೇ ಕರೆಯುತ್ತಿದ್ದರು. ನೀರು ಕಡಿಮೆ ಇದ್ದ ಕಡೆಯೇ ಅದರ ಹೆಸರು ದೊಡ್ಡದು.

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಆರನೆಯ ತರಗತಿಯ ನನ್ನ ಮೊಮ್ಮಗಳು ರಜೆಗೆ ಬಂದಿದ್ದಳು. ಜೌಗು ಪ್ರದೇಶಗಳ ಬಗ್ಗೆ ಚಿತ್ರಪಟ ಮಾಡಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರಂತೆ. "ಅಜ್ಜಾ, ನೀರಿನೊಳಗೇ ಕಾಡು ಇರುತ್ತಂತೆ. ನಮ್ಮ ಕಡೆ ಅಂಥದ್ದು ಎಲ್ಲಿರಬೇಕು ಬಿಡು" ಎಂದಳು. ಇದೆ, ನಾಳೆ ಬೆಳಿಗ್ಗೆ ತೋರಿಸುತ್ತೇನೆ ಎಂದೆ. ಹಾಗೆ ಅಂದದ್ದಕ್ಕೆ ಅವಳ ಚಿತ್ರಪಟ ಮಾತ್ರ ಕಾರಣವಲ್ಲ. ನನ್ನದೇ ಒಂದು ಸೋತ ಕೆಲಸಕ್ಕೆ ಉತ್ತರ ಹುಡುಕುವುದಿತ್ತು.

ಕೊಟ್ಟೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲೂ ಒಂದು ಸಣ್ಣ ಕೆರೆ ಇದೆ. 2022ರ ಜೂನ್ ತಿಂಗಳಲ್ಲಿ, ಎಪ್ಪತ್ತು ದಾಟಿದ ನೆನಪಿಗೆ ಏನಾದರೂ ಮಾಡೋಣವೆಂದು, ಊರ ಹುಡುಗರನ್ನು ಸೇರಿಸಿಕೊಂಡು ಆ ಕೆರೆಯ ಒಳದಂಡೆಯಲ್ಲಿ ಅರವತ್ತು ಸಸಿ ನೆಟ್ಟೆ. ಹೆಚ್ಚಿನವು ಬೇವು, ಉಳಿದವು ಹೊಂಗೆ. ಆ ವರ್ಷ ಎಲ್ಲೆಡೆ ಒಳ್ಳೆಯ ಮಳೆ. ಕೆರೆ ತುಂಬಿತು. ಊರೆಲ್ಲ ಸಂತೋಷಪಟ್ಟಿತು, ನಾನೂ ಬಾಗಿನ ಬಿಡುವ ಹೆಂಗಸರ ಜೊತೆ ದಂಡೆಯ ಮೇಲೆ ನಿಂತೆ. ನೀರು ಇಳಿದಾಗ ನೋಡಿದರೆ ಬೇವಿನ ಸಸಿ ಒಂದೂ ಇರಲಿಲ್ಲ. ಹೊಂಗೆ ಮಾತ್ರ ನಾಲ್ಕೈದು ಬದುಕಿದ್ದವು.

ಮರುವರ್ಷ 2023ರಲ್ಲಿ ಬರ. ಕೆರೆಯಂಗಳ ಬಿರುಕು ಬಿಟ್ಟಿತು. ಅದಕ್ಕೂ ಮೊದಲು, ಕೆಸರು ಇನ್ನೂ ಹಸಿಯಾಗಿದ್ದಾಗ, ಗೇಣುದ್ದದ ಮುಳ್ಳುಸಸಿಗಳು ನೂರಾರು ತಾವಾಗಿಯೇ ಎದ್ದಿದ್ದವು. ಬಳ್ಳಾರಿ ಜಾಲಿ ನುಗ್ಗಿಬಿಟ್ಟಿತು ಎಂದು ನಾನು ಗಾಬರಿಯಾಗಿ ಎರಡು ಭಾನುವಾರ ಹುಡುಗರನ್ನು ಕರೆದುಕೊಂಡು ಹೋಗಿ ಅವೆಲ್ಲವನ್ನೂ ಕೀಳಿಸಿದೆ. ಕೆರೆ ಸ್ವಚ್ಛವಾಯಿತು ಎಂದು ಹುಡುಗರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದೆ.

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಬಸ್ಸು, ಅಲ್ಲಿಂದ ಆಟೊ. ಅಂಕಸಮುದ್ರದ ಏರಿ ಹತ್ತಿದಾಗ ಬಿಸಿಲು ಇನ್ನೂ ಎಳೆಯದು. ಕಣ್ಣಿಗಿಂತ ಮೊದಲು ಕಿವಿಗೆ ಕೆರೆ ಸಿಕ್ಕಿತು. ಸಂತೆಯ ಗದ್ದಲ ದೂರದಿಂದ ಕೇಳಿದ ಹಾಗೆ ಹಕ್ಕಿಗಳ ಸದ್ದು. ಜೊತೆಗೇ ಮೀನು, ಹಿಕ್ಕೆ, ಕೆಸರು ಕೂಡಿದ ವಾಸನೆ. ಮೊಮ್ಮಗಳು ಮೂಗು ಮುಚ್ಚಿಕೊಂಡವಳು ಎರಡು ನಿಮಿಷದಲ್ಲಿ ಕೈ ತೆಗೆದಳು. ಕೈಯಲ್ಲಿ ದುರ್ಬೀನು ಹಿಡಿಯಬೇಕಿತ್ತಲ್ಲ!

ಎದುರಿಗೆ ನೀರು. ನೀರಿನ ತುಂಬ ಕರಿಜಾಲಿ ಮರಗಳು. ಬುಡ ಕಾಣುವುದಿಲ್ಲ, ಕಾಂಡ ಸೀದಾ ನೀರಿನಿಂದಲೇ ಎದ್ದಂತಿದೆ. ಕೊಂಬೆ ಕೊಂಬೆಗೂ ಕಡ್ಡಿಗಳ ಗೂಡು. ಮೇಲಂತಸ್ತಿನಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ರೆಕ್ಕೆಯ ಹಿಂದೆ ಕುಂಕುಮ ಚೆಲ್ಲಿದಂಥ ಗುಲಾಬಿ. ಅವುಗಳ ಪಕ್ಕ ಬಿಳಿ ಮೈ, ಕರಿ ತಲೆಯ ಕೆಂಬರಲು. ಕೆಳಗಿನ ಕೊಂಬೆಗಳಲ್ಲಿ ನೀರುಕಾಗೆಗಳು ಒದ್ದೆ ರೆಕ್ಕೆಯನ್ನು ಬಟ್ಟೆ ಹರವಿದಂತೆ ಹರವಿಕೊಂಡು ಕೂತಿದ್ದವು. ಬುಡದ ನೆರಳಲ್ಲಿ ನೀರುಕೋಳಿಗಳು ಈಜುತ್ತಿದ್ದವು.

ಈ ಕೆರೆ ಶತಮಾನಗಳ ಹಿಂದೆ ಹೊಲಗಳಿಗೆ ನೀರುಣಿಸಲು ಕಟ್ಟಿದ್ದು. ವಿಸ್ತೀರ್ಣ ಸುಮಾರು 244 ಎಕರೆ. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಇರಾನ್ ದೇಶದ ರಾಮ್ಸರ್ ಎಂಬ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಜೌಗು ಪ್ರದೇಶಗಳ ರಕ್ಷಣೆಗೆ ಒಪ್ಪಂದವಾಯಿತು. ಆ ಒಪ್ಪಂದದ ಜಾಗತಿಕ ಪಟ್ಟಿಗೆ ನಮ್ಮ ಅಂಕಸಮುದ್ರವೂ ಸೇರಿದ ಸುದ್ದಿ 2024ರ ಜನವರಿ ಕೊನೆಯಲ್ಲಿ ಬಂತು. ಅದರ ಜೊತೆಗೇ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿದವು. ರಂಗನತಿಟ್ಟು 2022ರಲ್ಲೇ ಸೇರಿತ್ತು. ಆ ಪಟ್ಟಿಗೆ ಕೊಟ್ಟ ವಿವರದ ಪ್ರಕಾರ ಇಲ್ಲಿ 210ಕ್ಕೂ ಹೆಚ್ಚು ಜಾತಿಯ ಸಸ್ಯಗಳು, 240 ಜಾತಿಯ ಹಕ್ಕಿಗಳು, 41 ಜಾತಿಯ ಮೀನುಗಳಿವೆ. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ.

ಮೊಮ್ಮಗಳು ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ದುರ್ಬೀನು ಇಳಿಸಿ ಕೇಳಿದಳು: "ಅಜ್ಜಾ, ಆ ಕಡೆ ಮರಗಳಿಗೆ ಎಲೆಯೇ ಇಲ್ಲ. ಒಣಗಿವೆಯಾ?"

ನಾನು ಹಕ್ಕಿಗಳನ್ನಷ್ಟೇ ನೋಡಿದ್ದೆ. ಆಳ ನೀರಿನಲ್ಲಿದ್ದ ಕೆಲವು ಮರಗಳು ಬೋಳಾಗಿದ್ದವು. ತೊಗಟೆ ಸುಲಿದು ಬೂದು ಬಣ್ಣಕ್ಕೆ ತಿರುಗಿದ್ದವು. ಅವುಗಳ ಮೇಲೂ ಗೂಡುಗಳಿದ್ದವು.

ಏರಿಯ ಮೇಲೆ ಆಡು ಹೊಡೆದುಕೊಂಡು ಬರುತ್ತಿದ್ದ ಒಬ್ಬ ಹಿರಿಯರು ನಮ್ಮ ಮಾತು ಕೇಳಿ ನಿಂತರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ದೋಟಿ. "ಹಿಕ್ಕಿ ಬಿದ್ದು ಎಲಿ ಸುಡತೈತಿ, ಅದೊಂದು. ಇನ್ನೊಂದು, ಕಾಲು ನೆಂದಾವು ನೋಡ್ರಿ. ನೀವು ವರ್ಷಪೂರ್ತಿ ಮೊಣಕಾಲುದ್ದ ನೀರಾಗ ನಿಂತ್ರ ಏನಾಗತೈತಿ? ಅದಕ್ಕೂ ಹಂಗ" ಎಂದರು.

ಅವರು ಹೇಳಿದ್ದರ ಹಿಂದಿನ ವಿಜ್ಞಾನ ಮಕ್ಕಳಿಗೆ ತಿಳಿದಿರಬೇಕು. ಗಿಡ ಎಲೆಯಿಂದ ಮಾತ್ರ ಉಸಿರಾಡುವುದಿಲ್ಲ, ಬೇರಿಗೂ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ, ಬೇರು ಅದನ್ನು ಬಳಸಿಕೊಳ್ಳುತ್ತದೆ. ಕೆರೆ ತುಂಬಿದಾಗ ಆ ಸಂದುಗಳಲ್ಲೆಲ್ಲ ನೀರು. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇವಿನಂಥ ಗಿಡಕ್ಕೆ ಇದನ್ನು ತಾಳುವ ಶಕ್ತಿ ಇಲ್ಲ, ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಹೊಂಗೆ ಇದಕ್ಕಿಂತ ಗಟ್ಟಿ. ಕರಿಜಾಲಿ ಇನ್ನೂ ಗಟ್ಟಿ, ತಿಂಗಳುಗಟ್ಟಲೆ ನೀರಿನಲ್ಲಿ ನಿಲ್ಲಬಲ್ಲದು. ಆದರೆ ಅದು ಕೂಡ ನೀರು ಬಂದು ಹೋಗುವ ಜಾಗದ ಮರ. ಬೇಸಿಗೆಯಲ್ಲಿ ಬುಡ ಒಣಗಿ ಬೇರಿಗೆ ಒಂದಿಷ್ಟು ಗಾಳಿ ಸಿಗಬೇಕು. ಬಿಡುವೇ ಇಲ್ಲದೆ ವರ್ಷಾನುಗಟ್ಟಲೆ ಮುಳುಗಿದರೆ ಅದೂ ಸೋಲುತ್ತದೆ. ನನ್ನ ಬೇವಿನ ಸಸಿಗಳು ಏನಾದವು ಎಂಬುದು ಆಗ ಅರ್ಥವಾಯಿತು.

"ಹಾಗಾದರೆ ಯಾವಾಗಲೂ ನೀರಿನಲ್ಲೇ ಇರುವ ಮರ ಇಲ್ಲವೇ ಇಲ್ಲವಾ?" ಎಂದಳು ಮೊಮ್ಮಗಳು.

ಇದೆ. ಜೋಗ ನೋಡಿ ಹೊನ್ನಾವರದ ಕಡೆ ಇಳಿಯುವಾಗ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡು ಸಿಗುತ್ತದೆ. ಅಲ್ಲಿನ ತಗ್ಗುಗಳಲ್ಲಿ ಸಣ್ಣ ತೊರೆಯ ನೀರು ವರ್ಷವಿಡೀ ಒಸರುತ್ತಿರುತ್ತದೆ. ಅಂಥ ಜಾಗಕ್ಕೆ ಅಲ್ಲಿಯವರು ಜಡ್ಡಿ ಎನ್ನುತ್ತಾರೆ. ಜಾಯಿಕಾಯಿಯ ಸಂಬಂಧಿಗಳಾದ ರಾಂಪತ್ರೆ ಜಾತಿಯ ಮರಗಳು ಅಲ್ಲಿ ಕೆಸರಿನಲ್ಲೇ ನಿಂತಿವೆ. ಕಾಂಡದಿಂದ ಊರುಗೋಲಿನಂಥ ಬೇರುಗಳು ಇಳಿದಿರುತ್ತವೆ. ಇನ್ನು ಕೆಲವು ಬೇರುಗಳು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಕೆಳಗೆ ಹೋಗುತ್ತವೆ. ಆ ಮೊಣಕಾಲುಗಳೇ ಉಸಿರಾಡುವ ಬೇರುಗಳು. ಆ ಕಾಡಿನ ಹೆಸರನ್ನೇ ಇಟ್ಟುಕೊಂಡ ಒಂದು ಮರವನ್ನು ವಿಜ್ಞಾನಿಗಳು ಗುರುತಿಸಿ ಲೋಕಕ್ಕೆ ತಿಳಿಸಿದ್ದು 2000ದಲ್ಲಿ. ಗೇರಿನ ಬಂಧುವಾದ ಅದರ ಬೆಳೆದ ಮರಗಳು ಬಹಳ ಕಡಿಮೆ. ಜಡ್ಡಿಯ ನೀರನ್ನು ತಿರುಗಿಸಿ ಗದ್ದೆ, ತೋಟ ಮಾಡಿಕೊಂಡ ಕಡೆಯೆಲ್ಲ ಇಂಥ ಕಾಡು ಹೋಯಿತು. ಅಲ್ಲಿನ ಮರಕ್ಕೆ ನೀರು ನಿಂತರೆ ಕಷ್ಟ. ನಮ್ಮ ಜಾಲಿಗೆ ನೀರು ಯಾವಾಗಲೂ ನಿಂತೇ ಇದ್ದರೆ ಕಷ್ಟ. ಎರಡೂ ನೀರಿನ ಕಾಡೇ ಆದರೂ ಅಲ್ಲಿಯ ಮದ್ದು ಇಲ್ಲಿಗೆ ಆಗುವುದಿಲ್ಲ.

"ಸತ್ತ ಮರದ ಮೇಲೂ ಗೂಡು ಕಟ್ಟಿವೆಯಲ್ಲ, ಹಕ್ಕಿಗೇನು ತೊಂದರೆ?" ಎಂದು ನಾನು ಹಿರಿಯರನ್ನು ಕೇಳಿದೆ.

"ಇವತ್ತಿಗೆ ತೊಂದ್ರಿ ಇಲ್ರಿ. ಒಣ ಕೊಂಬಿ ಎಷ್ಟು ವರ್ಷ ಗೂಡು ಹೊರತೈತಿ? ಒಂದು ಗಾಳಿಗೆ ಮುರೀತೈತಿ. ನೀವು ದೊಡ್ಡ ಮರ ನೋಡಬ್ಯಾಡ್ರಿ, ಸಣ್ಣವು ಎಲ್ಲಿ ಅದಾವು ನೋಡ್ರಿ" ಎಂದರು.

ಮೂವರೂ ಹುಡುಕಿದೆವು. ಆಳ ನೀರಿನಲ್ಲಿ ಒಂದೂ ಎಳೆ ಮರ ಇರಲಿಲ್ಲ. ದಂಡೆಯ ಕಡೆ, ನೀರು ಬೇಗ ಇಳಿಯುವ ಅಂಚಿನಲ್ಲಿ ಮಾತ್ರ ಎಳೆಯವು ಕಂಡವು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಸಲು ಕರಗುತ್ತಿದ್ದರೂ ಬಡ್ಡಿ ಬರುತ್ತಿದೆ ಎಂದು ನೆಮ್ಮದಿಯಾಗಿದ್ದವರನ್ನು ಕೌಂಟರಿನಾಚೆ ಬಹಳ ನೋಡಿದ್ದೇನೆ. ಗೂಡು ತುಂಬಿದ ಮುದಿ ಮರಗಳನ್ನು ನೋಡಿ ನಾನೂ ಹಾಗೇ ನೆಮ್ಮದಿಯಾಗಿದ್ದೆ.

ಎಳೆಯವು ಅಂಚಿನಲ್ಲೇ ಯಾಕೆ? ಜಾಲಿಯ ಬೀಜದ ಸಿಪ್ಪೆ ಬಹಳ ಗಟ್ಟಿ. ಸುಮ್ಮನೆ ಬಿದ್ದರೆ ಬೇಗ ಮೊಳೆಯುವುದಿಲ್ಲ. ಆಡು ಕುರಿಗಳು ಕಾಯಿ ತಿಂದಾಗ ಅವುಗಳ ಹೊಟ್ಟೆಯಲ್ಲಿ ಸಿಪ್ಪೆ ಮೆತ್ತಗಾಗುತ್ತದೆ. ಆಮೇಲೆ ಹಿಕ್ಕೆಯ ಜೊತೆಯಲ್ಲೋ, ಮೆಲುಕು ಹಾಕುವಾಗ ಉಗುಳಿದಾಗಲೋ ನೆಲಕ್ಕೆ ಬೀಳುತ್ತದೆ. ಹೀಗೆ ಬಿದ್ದ ಬೀಜಕ್ಕೆ ನೀರು ಇಳಿದ ಹಸಿ ಕೆಸರು ಸಿಕ್ಕರೆ ಮೊಳಕೆ. ಮೊಳೆತ ಸಸಿಗೆ ಮುಂದಿನ ನೀರು ಬರುವುದರೊಳಗೆ ತಲೆ ಮೇಲಿಡುವಷ್ಟು ಎತ್ತರ ಬೆಳೆಯಲು ಬಿಡುವು ಬೇಕು. ಪೂರ್ತಿ ಮುಳುಗಿದರೆ ಸಸಿ ಉಳಿಯುವುದು ಕಷ್ಟ. ಅಂದರೆ ಕೆರೆ ಇಳಿಯುವ ತಿಂಗಳುಗಳೇ ನಾಳೆಯ ಮರಗಳ ತೊಟ್ಟಿಲು.

ಹಿರಿಯರು ಅಂಚಿನ ಒಂದು ಗಿಡದ ಹತ್ತಿರ ಕರೆದುಕೊಂಡು ಹೋದರು. ಅದು ಕರಿಜಾಲಿ. ಬಿಳಿಯ ನೆಟ್ಟನೆ ಮುಳ್ಳು, ಚಿನ್ನದ ಗುಂಡಿನಂಥ ದುಂಡನೆಯ ಹೂವು, ಮಣಿ ಪೋಣಿಸಿದಂತೆ ನಡುನಡುವೆ ಕಿರಿದಾದ ಕಾಯಿ. ಸ್ವಲ್ಪ ಆಚೆ ರಸ್ತೆಬದಿಯಲ್ಲಿ ಬಳ್ಳಾರಿ ಜಾಲಿ. ಅದರ ಹೂವು ತೂಗುವ ಬತ್ತಿಯಂತೆ ಉದ್ದ, ಕಾಯಿ ಹಳದಿ, ನಡುವೆ ಅಷ್ಟು ಕಿರಿದಾಗುವುದಿಲ್ಲ. ಹೆಸರಿಗೆ ಬಳ್ಳಾರಿಯದಾದರೂ ಅದರ ತವರು ಅಮೆರಿಕ ಖಂಡ. ಸುಮಾರು ನೂರೈವತ್ತು ವರ್ಷದ ಹಿಂದೆ ಸೌದೆಗಾಗಿ, ಬರದ ನೆಲ ಹಸಿರು ಮಾಡಲಿಕ್ಕಾಗಿ ಭಾರತಕ್ಕೆ ತಂದರು. ಈಗ ಅದು ಬೇಲಿ, ಹಳ್ಳ, ಕೆರೆಯಂಗಳ ಯಾವುದನ್ನೂ ಬಿಟ್ಟಿಲ್ಲ.

"ಎಳೇದಿದ್ದಾಗ ಎರಡೂ ಒಂದ ಥರ ಕಾಣ್ತಾವ್ರಿ. ಎಲಿ ನೋಡ್ರಿ. ನಮ್ಮ ಜಾಲಿದು ಸಣ್ಣ ಎಲಿ, ಬಳ್ಳಾರಿ ಜಾಲಿದು ಉದ್ದ" ಎಂದು ಎರಡು ಕಡ್ಡಿ ಮುರಿದು ಮೊಮ್ಮಗಳ ಅಂಗೈ ಮೇಲೆ ಇಟ್ಟರು.

ನನಗೆ ಕಾಲ ಕೆಳಗಿನ ನೆಲ ಸರಿದಂತಾಯಿತು. ನಮ್ಮೂರ ಕೆರೆಯಲ್ಲಿ ಕೀಳಿಸಿದ ಸಸಿಗಳ ಎಲೆ ನೆನಪಾಯಿತು. ಸಣ್ಣವು. ತೀರಾ ಸಣ್ಣವು. ನೀರಿನಲ್ಲಿ ಬದುಕಲಾರದ ಬೇವನ್ನು ಹಣ ಕೊಟ್ಟು ತಂದು ನೆಟ್ಟಿದ್ದೆ. ಕೆರೆ ತಾನೇ ಬೆಳೆಸಿಕೊಂಡ, ಅಲ್ಲಿಗೇ ಸಲ್ಲುವ ನೂರಾರು ಗಿಡಗಳನ್ನು ಕೀಳಿಸಿ ಮಿರ್ಚಿ ಹಂಚಿದ್ದೆ. ಅದನ್ನು ಆ ಹಿರಿಯರಿಗೆ ಹೇಳಿದೆ. ಅವರು ನಗಲಿಲ್ಲ. "ಗೊತ್ತಿರಲಿಲ್ಲ, ಬಿಡ್ರಿ. ಬೀಜ ಇನ್ನೂ ಅದಾವು" ಎಂದರು.

ಮೊಮ್ಮಗಳಿಗೆ ಇನ್ನೊಂದು ಅನುಮಾನ. "ಆಡು ಬೀಜ ಮೊಳೆಸುತ್ತೆ ಸರಿ. ಆದರೆ ಸಸಿಯನ್ನೂ ತಿನ್ನುತ್ತಲ್ಲ? ಆಡು ಬೇಕೋ ಬೇಡವೋ?"

ಈ ಪ್ರಶ್ನೆಯನ್ನು ದೊಡ್ಡವರೂ ಕೇಳಿ ಎಡವಿದ್ದಾರೆ. ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ್ ಎಂಬ ಹೆಸರಾಂತ ಪಕ್ಷಿಧಾಮವಿದೆ. ಅಲ್ಲಿಯೂ ಗೂಡಿಗೆ ಜಾಲಿ ಮರಗಳೇ ಆಸರೆ. 1982ರಲ್ಲಿ ಅಲ್ಲಿ ಎಮ್ಮೆ ದನಗಳನ್ನು ಮೇಯಿಸುವುದನ್ನು ಒಮ್ಮೆಲೇ ನಿಲ್ಲಿಸಿದರು. ಹಳ್ಳಿಯವರಿಗೂ ಪೊಲೀಸರಿಗೂ ಘರ್ಷಣೆಯಾಗಿ ಜೀವಗಳೂ ಹೋದವು. ಎಮ್ಮೆಗಳು ಹೋದರೆ ಹಕ್ಕಿಗೆ ಒಳ್ಳೆಯದಾಗುತ್ತದೆ ಎಂಬ ಎಣಿಕೆ ಇತ್ತು. ಆದದ್ದೇ ಬೇರೆ. ಎಮ್ಮೆ ಮೇಯುತ್ತಿದ್ದ ಹುಲ್ಲು ಸೊಕ್ಕಿ ಬೆಳೆದು ನೀರನ್ನೇ ಮುಚ್ಚಿತು. ತಿಳಿನೀರು ಬೇಕಾದ ಎಷ್ಟೋ ಹಕ್ಕಿಗಳಿಗೆ ಜಾಗವೇ ಇಲ್ಲದಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವರ್ಷಗಟ್ಟಲೆ ಅಧ್ಯಯನ ಮಾಡಿ, ಮಿತವಾದ ಮೇವಿನಿಂದ ಈ ಜೌಗಿಗೆ ಲಾಭವೇ ಇತ್ತು ಎಂದು ಕಂಡುಕೊಂಡರು. ಹಾಗೆಂದು ಎಳೆ ಸಸಿಗಳಿರುವಲ್ಲಿಗೆ ಆಡು ಬಿಡಬೇಕೆಂದಲ್ಲ. ಯಾವಾಗ, ಎಲ್ಲಿ, ಎಷ್ಟು ಎಂಬುದೇ ಮುಖ್ಯ.

ಇದನ್ನು ತೀರ್ಮಾನಿಸುವವರು ಯಾರು? ಸಂರಕ್ಷಣಾ ಮೀಸಲು ಎಂಬ ವ್ಯವಸ್ಥೆ ವನ್ಯಜೀವಿ ಕಾಯ್ದೆಗೆ ಬಂದದ್ದು 2002ರ ತಿದ್ದುಪಡಿಯಿಂದ. ಅಭಯಾರಣ್ಯದಂತೆ ಊರವರನ್ನು ಹೊರಗಿಟ್ಟು ಮಾಡುವುದಲ್ಲ ಇದು. ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆ ಗ್ರಾಮ ಪಂಚಾಯಿತಿಯವರು, ಸಂಘಸಂಸ್ಥೆಗಳವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರೂ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ರೈತರು ಕೆರೆ ತುಂಬಿರಲಿ ಎನ್ನುತ್ತಾರೆ. ಅದು ನ್ಯಾಯವೇ. ಹಕ್ಕಿಯ ಹಿಕ್ಕೆ ಬೆರೆತ ನೀರು ಹೊಲಕ್ಕೆ ಗೊಬ್ಬರವೂ ಹೌದು. ಮರಿಗಳು ಗೂಡಿನಲ್ಲಿರುವಷ್ಟು ದಿನ ಮರದ ಸುತ್ತ ನೀರು ಇರಲೇಬೇಕು, ಇಲ್ಲದಿದ್ದರೆ ನಾಯಿ, ಕಾಡುಬೆಕ್ಕುಗಳು ಮರದ ಬುಡಕ್ಕೇ ಬರುತ್ತವೆ. ಮರಿಗಳು ಹಾರಿದ ಮೇಲೆ ನೀರು ಇಳಿಯಲು ಬಿಡುವುದು ಒಂದು ಉಪಾಯ. ಇಳಿಯಲು ಬಿಡಲಾಗದಷ್ಟು ನೀರಿನ ಅಗತ್ಯವಿದ್ದರೆ ಕೆರೆಯೊಳಗೆ ಅಲ್ಲಲ್ಲಿ ಎತ್ತರದ ಮಣ್ಣಿನ ದಿಬ್ಬ ಹಾಕಿ ಅದರ ಮೇಲೆ ಜಾಲಿ ಬೆಳೆಸುವುದು ಇನ್ನೊಂದು. ಕೆಲವು ಪಕ್ಷಿ ಕೆರೆಗಳಲ್ಲಿ ಹೀಗೆ ಮಾಡಿದ್ದಾರೆ. ಬೇರು ನೀರಿನ ಮೇಲೆ ಉಸಿರಾಡುತ್ತದೆ, ಸುತ್ತಲೂ ನೀರು ಕಾವಲಿರುತ್ತದೆ.

ಹೊತ್ತು ಏರಿತ್ತು. ಬಣ್ಣದ ಕೊಕ್ಕರೆಯೊಂದು ಗೂಡಿಗೆ ಬಂದು, ಮೀನಿನ ಜೊತೆ ತಂದ ನೀರನ್ನು ಮರಿಗಳ ಮೇಲೆ ಸುರಿಸಿತು. ರೆಕ್ಕೆ ಅಗಲಿಸಿ ನೆರಳು ಹಿಡಿದು ನಿಂತಿತು. ಮೊಮ್ಮಗಳು ಅದರ ಚಿತ್ರ ಬರೆಯಲು ಕೂತಳು. ಆ ಗೂಡಿದ್ದುದು ಬೋಳು ಮರದ ಮೇಲೆ.

ಆ ಬೇಸಿಗೆಯಲ್ಲಿ ನಮ್ಮೂರಿನ ಕುರಿಹಟ್ಟಿಗೆ ಹೋಗಿ ದೊಡ್ಡಿ ಗುಡಿಸಿದ ಕಸದಿಂದ ಜಾಲಿ ಬೀಜ ಆರಿಸಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಕೂತ ನನ್ನನ್ನು ನೋಡಿ ಹಟ್ಟಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾಲ್ಕು ದಿನದಲ್ಲಿ ಎರಡು ಸೇರು ಬೀಜವಾಯಿತು. ಪಂಚಾಯಿತಿಗೆ ಹೋಗಿ, ಕೆರೆಯ ಹೂಳು ತೆಗೆಯುವಾಗ ಬಂದ ಮಣ್ಣನ್ನೆಲ್ಲ ಹೊರಗೆ ಸಾಗಿಸದೆ ಕೆರೆಯೊಳಗೇ ಎರಡು ದಿಬ್ಬ ಮಾಡಿಕೊಡಿ ಎಂದು ಅರ್ಜಿ ಕೊಟ್ಟೆ. ಒಂದು ದಿಬ್ಬ ಆಯಿತು. ಹಿಂದೆ ಸಸಿ ಕಿತ್ತಿದ್ದ ಹುಡುಗರನ್ನೇ ಕರೆದೆ. ಅವರಿಗೆ ಎರಡು ಜಾಲಿಯ ಎಲೆಗಳನ್ನೂ ತೋರಿಸಿ, ತಪ್ಪು ನನ್ನದೆಂದು ಹೇಳಿ, ಬೀಜ ಹಾಕಿಸಿದೆವು. ಅಂಚಿನಲ್ಲಿ ತಾನಾಗಿ ಎದ್ದ ಸಸಿಗಳಿಗೆ ಮುಳ್ಳುಬೇಲಿ ಕಟ್ಟಿದೆವು. ಬೇಲಿಗೆ ಬಳಸಿದ್ದು ಬಳ್ಳಾರಿ ಜಾಲಿಯ ಮುಳ್ಳು.

ಈಗ ದಿಬ್ಬದ ಮೇಲೆ ಮೊಣಕಾಲೆತ್ತರದ ಮೂವತ್ತೊಂದು ಗಿಡಗಳಿವೆ. ಕೊಕ್ಕರೆ ಗೂಡು ಕಟ್ಟುವಷ್ಟು ದೊಡ್ಡದಾಗಲು ಇನ್ನೂ ಬಹಳ ವರ್ಷ ಬೇಕು. ಆಗ ನಾನು ಏರಿಯ ಮೇಲೆ ಇರುತ್ತೇನೆಂದು ಹೇಳಲಾರೆ. ಮೊಮ್ಮಗಳು ಮಾತ್ರ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ: "ಅಜ್ಜಾ, ಎಣಿಸಿದೆಯಾ?"

ಎಣಿಸಿ ಹೇಳುತ್ತೇನೆ. ನಿಮ್ಮೂರಲ್ಲೂ ಕೆರೆ ಇದ್ದರೆ ನೀವೂ ಒಮ್ಮೆ ಹೋಗಿ ನೋಡಿ, ಮಕ್ಕಳೇ. ದೊಡ್ಡ ಮರಗಳನ್ನು ನೋಡಿದ ಮೇಲೆ, ಅವುಗಳ ಎಳೆಯವು ಎಲ್ಲಿವೆ ಎಂದು ಹುಡುಕಿ.